ಬಾವಿಗೋಡೆಯ ಸುಪ್ಲಿರ್

ಬಾಂಡುಂಗ್ ಊರಿನ ನಮ್ಮ ಸನಿಂತೆನ್ ಓಣಿಯಲ್ಲಿ ಜುವಾರಿಯಾಳಷ್ಟು ಸಭ್ಯ ಹೆಂಗಸು ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅವರು ಹೊಗಳಿ ಹೇಳುತ್ತಾರೆ, ನಾನು ಬೈದು ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ಓಣಿಯ ಬಾಯಲ್ಲೇ ನನ್ನ ಲೊತೆಕ್ ಅಂಗಡಿ. ಬೇಯಿಸಿದ ಸೊಪ್ಪು ತರಕಾರಿಗೆ ಶೇಂಗಾ, ಮೆಣಸಿನಕಾಯಿ ಅರೆದು ಕಲಸಿಕೊಡುತ್ತ ಕೂತಿರುತ್ತೇನೆ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ಈ ಓನಾಳ ಒರಳಿನ ಮುಂದೆಯೇ ಹಾಯಬೇಕು. ಹಾಗಾಗಿ ಯಾರ ಸಭ್ಯತೆಯ ಒಳಗೆ ಏನು ಬೇಯುತ್ತಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕಡೆ ಒಂದು ರೀತಿ ಇದೆ. ಏನಾದರೂ ತಿನ್ನುತ್ತಿರುವಾಗ ಯಾರಾದರೂ ಹಾದುಹೋದರೆ 'ಬನ್ನಿ, ತಿನ್ನೋಣ' ಎನ್ನಬೇಕು. ಅವರು 'ಈಗ ತಾನೇ ಆಯ್ತು' ಎನ್ನಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಹಾಗೇ ಎನ್ನಬೇಕು. ನಿಜವಾಗಿ ಕೊಡುವ ಮನಸ್ಸಿದ್ದವರು ಎರಡನೇ ಸಲ ಕರೆಯುತ್ತಾರೆ. ಆಗಲೂ ಬೇಡ ಎನ್ನಬೇಕು. ಮೂರನೇ ಸಲ ಕರೆದರೆ ಮಾತ್ರ, 'ನೀವು ಇಷ್ಟು ಬಲವಂತ ಮಾಡಿದ್ರೆ ಹೇಗೆ' ಎಂದು ಮುಖ ಸಣ್ಣದು ಮಾಡಿಕೊಂಡು ಕೈ ಚಾಚಬೇಕು. ಮೊದಲ ಸಲಕ್ಕೇ ಕೈ ಚಾಚಿದವರನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ನಾವೆಲ್ಲ ಈ ರೀತಿಯನ್ನು ಚಪ್ಪಲಿಯ ಹಾಗೆ ಬಳಸುತ್ತೇವೆ. ಬೇಕಾದಾಗ ಮೆಟ್ಟುತ್ತೇವೆ, ಒಳಗೆ ಬಂದಾಗ ಬಿಡುತ್ತೇವೆ. ಜುವಾರಿಯಾ ಅದನ್ನು ಮೆಟ್ಟಿಕೊಂಡೇ ಮಲಗುವವಳು.

ಒಮ್ಮೆ ಅವಳಿಗೆ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರು ಪಕ್ಕದ ಹಲ್ಲು ಹಿಡಿದು 'ಇದೇ ತಾನೇ?' ಎಂದು ಕೇಳಿದ. ಪಾಪ, ಅಷ್ಟು ದೊಡ್ಡ ಓದು ಓದಿದವನಿಗೆ ಅಲ್ಲ ಎನ್ನುವುದು ಹೇಗೆ? 'ನೀವು ಹೇಳಿದ ಹಾಗೆ' ಎಂದಳು. ಗಟ್ಟಿ ಹಲ್ಲು ಕಿತ್ತುಕೊಟ್ಟ. ಥ್ಯಾಂಕ್ಸ್ ಹೇಳಿ, ಹುಳುಕು ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಬಂದಳು. ಮದುವೆಯ ಕತೆಯೂ ಹಾಗೇ. ತಾಸಿಕ್‌ನ ಒಬ್ಬ ಮೇಷ್ಟ್ರ ಕಡೆಯವರು ಅವಳನ್ನು ಕೇಳಿಕೊಂಡು ಬಂದಿದ್ದರಂತೆ. ಹುಡುಗ ಚೆನ್ನಾಗಿದ್ದ, ಇವಳಿಗೂ ಇಷ್ಟವಿತ್ತು. 'ನಾನಿನ್ನೂ ಚಿಕ್ಕವಳು' ಎಂದು ರೀತಿಯಂತೆ ತಲೆ ತಗ್ಗಿಸಿದಳು. ಅವರು ಅವಸರದ ಜನ, ಎದ್ದುಹೋದರು. ಆಮೇಲೆ ಬಂದ ಎಂಗ್ಕೋಸ್ ಮನೆಯವರಿಗೆ ಬೇರೆ ಕೆಲಸವಿರಲಿಲ್ಲ, ಕೂತು ಮೂರು ಸಲ ಕೇಳಿದರು. ಹಾಗೆ ಎಂಗ್ಕೋಸ್ ಗಂಡನಾದ. ಕಚೇರಿಯಿಂದ ಬಂದು, ಪಂಜರದ ಹಕ್ಕಿಗೆ ಸೀಟಿ ಹೊಡೆದು, ಮಲಗುವ ಗಂಡಸು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎನ್ನುವ ಗಾದೆಯನ್ನು ಯಾರೋ ಇವಳನ್ನು ಮನಸ್ಸಲ್ಲಿಟ್ಟುಕೊಂಡೇ ಕಟ್ಟಿರಬೇಕು.

ತೆಗೆದುಕೊಳ್ಳುವುದರಲ್ಲಿ ಹೀಗೆ. ಕೊಡುವುದರಲ್ಲಿ? ಬಾಯಲ್ಲಿ ಇಡೀ ಮನೆಯನ್ನೇ ಕೊಟ್ಟುಬಿಡುವಳು. 'ನಿಮ್ಮ ಶಾಲು ಚೆನ್ನಾಗಿದೆ' ಎಂದರೆ 'ತಗೊಳ್ಳಿ, ಹೊದ್ಕೊಳ್ಳಿ' ಎನ್ನುವಳು. 'ಕುರ್ಚಿ ಚೆನ್ನಾಗಿದೆ' ಎಂದರೆ 'ಹೊತ್ಕೊಂಡು ಹೋಗಿ' ಎನ್ನುವಳು. ಕೈ ನೋಡಿದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವಳು. ಇಡೀ ಓಣಿಗೆ ಇದು ಗೊತ್ತಿದ್ದುದರಿಂದ ಎಲ್ಲರೂ ಬೇಡ ಬೇಡ ಎನ್ನುತ್ತಿದ್ದರು, ಅವಳ ಶಾಲು ಕುರ್ಚಿ ಎಲ್ಲ ಅವಳ ಹತ್ತಿರವೇ ಉಳಿಯುತ್ತಿದ್ದವು. ಊರೆಲ್ಲ ಸೇರಿ ಆಡುವ ಆಟ ಅದು. ಒಬ್ಬರಿಗೂ ನಷ್ಟವಿಲ್ಲ, ಒಬ್ಬರಿಗೂ ಲಾಭವಿಲ್ಲ.

ಆ ವರ್ಷಗಳಲ್ಲಿ ಬಾಂಡುಂಗ್‌ನ ಹೆಂಗಸರಿಗೆಲ್ಲ ಸುಪ್ಲಿರ್ ಹುಚ್ಚು ಹಿಡಿದಿತ್ತು. ಸುಪ್ಲಿರ್ ಎಂದರೆ ಒಂದು ಜರೀಗಿಡ. ಕೂದಲೆಳೆಯಂಥ ಕಪ್ಪು ಕಡ್ಡಿ, ಅದರ ತುಂಬ ಉಗುರಿನಷ್ಟಗಲದ ತೆಳು ಹಸಿರು ಎಲೆ. ಜೋರಾಗಿ ಉಸಿರುಬಿಟ್ಟರೂ ನಡುಗುತ್ತದೆ. ಬಿಸಿಲು ಕಂಡರೆ ಸುಡುತ್ತದೆ, ನೀರು ತಪ್ಪಿದರೆ ಒಣಗುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಇಷ್ಟು ನಖರಾ ಇರುವ ಸೊಸೆಯನ್ನು ಯಾರೂ ಮನೆಗೆ ತರುವುದಿಲ್ಲ, ಗಿಡವನ್ನು ಮಾತ್ರ ದುಡ್ಡು ಕೊಟ್ಟು ತರುತ್ತಾರೆ. ಲೆಂಬಾಂಗ್‌ನ ಸಂತೆಯಲ್ಲಿ ಗಾಡಿಗಟ್ಟಲೆ ಸಿಗುತ್ತಿತ್ತು. ಒಂದೊಂದು ಮನೆಯ ಜಗುಲಿಯಲ್ಲೂ ಸಾಲುಸಾಲು.

ಜುವಾರಿಯಾಳದು ಸಂತೆಯ ಗಿಡವಲ್ಲ. ಅವಳು ಮದುವೆಯಾಗಿ ಗಾರುತ್‌ನಿಂದ ಹೊರಟ ದಿನ ಅವಳಮ್ಮ ಹಿತ್ತಲ ಬಾವಿಯೊಳಗೆ ಅರ್ಧ ಇಳಿದು, ಗೋಡೆಯ ಕಲ್ಲುಸಂದಿಯಲ್ಲಿ ಬೆಳೆದ ಸುಪ್ಲಿರನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದು ತೆಗೆದು ಮಗಳ ಮಡಿಲಿಗೆ ಹಾಕಿದ್ದಳು. ಅಮ್ಮ ಹೋಗಿ ವರ್ಷಗಳಾದವು. ಅಣ್ಣ ಆ ಬಾವಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ಕೋಣೆ ಕಟ್ಟಿಸಿದ. ಹಾಗಾಗಿ ಅಮ್ಮನ ಕಡೆಯಿಂದ ಭೂಮಿಯ ಮೇಲೆ ಉಳಿದದ್ದು ಆ ಒಂದು ಕುಂಡ.

ನಾನು ಒಂದು ಮಾತು ಹೇಳಬೇಕು. ನನ್ನ ಅಡುಗೆಮನೆ ಕಿಟಕಿ ಅವಳ ಹಿತ್ತಲಿಗೆ ತೆರೆಯುತ್ತದೆ. ಬೆಳಿಗ್ಗೆ ಅವಳು ಆ ಗಿಡಕ್ಕೆ ಅಕ್ಕಚ್ಚು ಹಾಕುತ್ತ ಮಾತಾಡುವುದು ನನಗೆ ಕೇಳುತ್ತಿತ್ತು. 'ಹಲ್ಲು ನೋಯ್ತಿದೆ ಅಮ್ಮ. ಇವ್ರ ಹಕ್ಕಿ ಸೀಟಿ ಕೇಳಿ ತಲೆ ಚಿಟ್ಟು ಹಿಡೀತು. ನಂಗೆ ಊರಿನ ಸಿಹಿ ಅವಲಕ್ಕಿ ತಿನ್ಬೇಕು ಅನ್ಸುತ್ತೆ. ನಂಗೆ ಒಂದ್ ಹೊಸ ಬಟ್ಟೆ ಬೇಕು.' ಬೇಕು, ಬೇಡ, ನೋವು, ಸಿಟ್ಟು, ಎಲ್ಲ ಆ ಗಿಡದ ಮುಂದೆ. ಹಿತ್ತಲ ಬಾಗಿಲು ದಾಟಿ ಈಚೆ ಬಂದರೆ 'ನಂಗೇನು ಕಡಿಮೆ, ಎಲ್ಲ ಚೆನ್ನಾಗಿದೆ' ಎನ್ನುವ ಮುಖ. ಗಿಡದ ಮುಂದೆ ಮಾತ್ರ ಮನುಷ್ಯಳಾಗಿದ್ದಳು ಎನ್ನಿ. ಆ ಮಟ್ಟಿಗೆ ನನಗೂ ಆ ಗಿಡದ ಮೇಲೆ ಗೌರವವಿತ್ತು.

ಅಂಥ ಗಿಡಕ್ಕೆ ಕುಂಡ ಸಾಲದಾಯಿತು. ಬೇರು ಮಣ್ಣನ್ನೆಲ್ಲ ತಿಂದು, ತೂತಿನಿಂದ ಹೊರಗೆ ಇಣುಕಿ, ಹಾಕಿದ ನೀರು ಹಾಗೇ ಮೇಲಿನಿಂದ ಚೆಲ್ಲಿಹೋಗುತ್ತಿತ್ತು. ಎಲೆಯ ಅಂಚು ಕಂದಾಯಿತು. 'ಬೇರೆ ಕುಂಡಕ್ಕೆ ಹಾಕೇ' ಎಂದೆ. ಹಾಕಲಿಲ್ಲ. ಯಾಕೆ ಗೊತ್ತೇ? ಸುಪ್ಲಿರ್ ಕುಂಡ ಬದಲಾಯಿಸುತ್ತಾರೆ ಎಂದು ತಿಳಿದರೆ ಓಣಿಯ ಹೆಂಗಸರೆಲ್ಲ ಬಂದು ಸುತ್ತ ನಿಲ್ಲುತ್ತಾರೆ. 'ಎಷ್ಟು ಚೆನ್ನಾಗಿದೆ' ಎನ್ನುತ್ತಾರೆ. ಹಾಗೆಂದರೆ ಇವಳು 'ಒಂದು ಮರಿ ತಗೊಳ್ಳಿ' ಎನ್ನಲೇಬೇಕು. ಗಿಡಮರಿಯ ವಿಷಯದಲ್ಲಿ ಮಾತ್ರ ನಮ್ಮ ಹೆಂಗಸರು ರೀತಿ ಮರೆತು ಎರಡನೇ ಸಲಕ್ಕೇ ಒಪ್ಪಿಬಿಡುತ್ತಾರೆ. ಆ ಹೆದರಿಕೆಗೆ ಇವಳು ಅಮ್ಮನ ಗಿಡವನ್ನು ಕುತ್ತಿಗೆ ಹಿಸುಕುವ ಕುಂಡದಲ್ಲೇ ಬಿಟ್ಟಳು. ಇಲ್ಲ ಎನ್ನುವ ಒಂದು ಮಾತು ನಾಲಿಗೆಯ ಮೇಲಿದ್ದಿದ್ದರೆ ಗಿಡ ವರ್ಷದ ಹಿಂದೆಯೇ ದೊಡ್ಡ ಕುಂಡದಲ್ಲಿ ಹಾಯಾಗಿ ಕಾಲು ಚಾಚಿರುತ್ತಿತ್ತು.

ಕೊನೆಗೆ ಅರ್ಧ ಎಲೆ ಉದುರಿದ ಮೇಲೆ ಬುದ್ಧಿ ಬಂತು. ಮಳೆಗಾಲ ಶುರುವಾಗುತ್ತಿದ್ದ ಒಂದು ಶುಕ್ರವಾರ, ಗಂಡಸರು ಮಸೀದಿಯಲ್ಲಿ, ಹೆಂಗಸರು ಒಲೆಯ ಮುಂದೆ ಇರುವ ಹೊತ್ತು ನೋಡಿ ನನ್ನನ್ನು ಕರೆದಳು. 'ಓನಾ, ಸ್ವಲ್ಪ ಕುಂಡ ಹಿಡ್ಕೊಳ್ತೀರಾ? ನಿಮಗೆ ತೊಂದರೆ ಆಗಲ್ಲ ಅಂದ್ರೆ, ಪುರುಸೊತ್ತಿದ್ರೆ, ಇಲ್ಲಾಂದ್ರೂ ಪರವಾಗಿಲ್ಲ...'

'ಬರ್ತೀನಿ ಮಾರಾಯ್ತಿ, ಅಷ್ಟು ಸುತ್ತು ಬಳಸಬೇಡ.'

ನನ್ನನ್ನೇ ಯಾಕೆ ಕರೆದಳು ಎಂದರೆ ನಾನು ಗಿಡ ಸಾಕುವವಳಲ್ಲ. ನನ್ನ ಕೈಯಲ್ಲಿ ಮೆಣಸಿನ ಗಿಡವೂ ಉಳಿಯುವುದಿಲ್ಲ. ಮರಿ ಕೇಳುವ ಭಯವಿಲ್ಲ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಲ್ಲ ಜೋಡಿಸಿಟ್ಟಿದ್ದಳು. ಸುಟ್ಟ ಭತ್ತದ ಹೊಟ್ಟು, ಬಿದಿರಿನ ಬುಡದ ಕೊಳೆತ ಎಲೆಗೊಬ್ಬರ, ಮರಜರಿಯ ಕಾಂಡ ಕೊಚ್ಚಿದ್ದು. ಎಲೆಗಳು ಮುರಿಯದಂತೆ ಹಳೆಯ ಬಟ್ಟೆಪಟ್ಟಿಯಿಂದ ಸಡಿಲವಾಗಿ ಜುಟ್ಟು ಕಟ್ಟಿದಳು. ಬೆರಳಿನ ಉಂಗುರ ತೆಗೆದಿಟ್ಟಳು. 'ನಿಮ್ಮ ಕೈಯಲ್ಲಿ ಬೆಳ್ಳುಳ್ಳಿ ವಾಸನೆ' ಎಂದು ನನಗೆ ಗಿಡ ಮುಟ್ಟಲು ಬಿಡಲಿಲ್ಲ. ಕುಂಡ ಮುಟ್ಟಬಹುದು, ಗಿಡ ಮುಟ್ಟಬಾರದು. ಬೇರು ಕುಂಡಕ್ಕೆ ಅಂಟಿಕೊಂಡಿತ್ತು, ಎಷ್ಟು ತಟ್ಟಿದರೂ ಬರಲಿಲ್ಲ. ನನ್ನ ಅಂಗಡಿಯ ಗುಂಡುಕಲ್ಲು ತಂದು ಕುಂಡಕ್ಕೆ ಒಂದು ಕೊಟ್ಟೆ. ಠಪ್ ಎಂದು ಒಡೆಯಿತು.

ಒಳಗೆ ಮಣ್ಣೇ ಇರಲಿಲ್ಲ, ಬರೀ ಕಪ್ಪು ಬೇರಿನ ಉಂಡೆ. ಅದನ್ನು ನೀರಿನಲ್ಲಿ ಅದ್ದಿ, ಬೆರಳ ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಕೂತಳು. ಹಾಗೆ ಬಿಡಿಸುತ್ತಿದ್ದಾಗ ಗಿಡ ತಾನಾಗಿಯೇ ಎರಡು ಪಾಲಾಯಿತು. ಒಂದು ದೊಡ್ಡದು, ಒಂದು ಚಿಕ್ಕದು. 'ಒಳ್ಳೇದೇ ಆಯ್ತು, ಎರಡು ಕುಂಡ ಮಾಡ್ತೀನಿ' ಎಂದು ಜುವಾರಿಯಾ ನಿಜವಾದ ನಗು ನಕ್ಕಳು.

ಆಗ ಹಿಂದಿನ ಗೋಡೆಯ ಬಾಗಿಲು ತೆರೆಯಿತು.

'ಏನೋ ಒಡೆದ ಸದ್ದಾಯ್ತಲ್ಲ! ಯಾರಿಗಾದ್ರೂ ಪೆಟ್ಟಾಯ್ತಾ?' ಎನ್ನುತ್ತ ತಿಯುರ್ಮಾ ಒಳಗೆ ಬಂದಳು. ಅವಳು ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಬಟಾಕ್ ಹೆಂಗಸು, ತೋಬಾ ಸರೋವರದ ಕಡೆಯವಳು. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಗಂಟಲು ಹೇಗಿತ್ತೆಂದರೆ ಅವಳು ತನ್ನ ಮನೆಯಲ್ಲಿ ಪಿಸುಗುಟ್ಟಿದರೆ ನಾನು ಅಂಗಡಿಯಲ್ಲಿ ಓಗೊಡಬಹುದಿತ್ತು. ಅವರ ಕಡೆ ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ಬೆಟ್ಟದ ಈ ಕಡೆಯಿಂದ ಆ ಕಡೆಗೆ ಕೂಗಿ ಮಾತಾಡುವ ಜನಕ್ಕೆ ಮೂರು ಸಲ ಕೇಳುವಷ್ಟು ವ್ಯವಧಾನ ಎಲ್ಲಿಂದ ಬರಬೇಕು?

'ಅಬ್ಬಾ! ಎಷ್ಟು ಚೆಂದದ ಗಿಡ!' ಎಂದಳು.

ಜುವಾರಿಯಾಳ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. 'ತಗೊಳ್ಳಿ ಬು ತಿಯುರ್ಮಾ, ಒಂದು ತಗೊಂಡ್ಹೋಗಿ.' ಬು ಎಂದರೆ ನಮ್ಮಲ್ಲಿ ಮರ್ಯಾದೆಗೆ ಅಮ್ಮ ಎಂದ ಹಾಗೆ.

'ಹೌದಾ? ತುಂಬಾ ಉಪಕಾರ ಆಯ್ತು!' ತಿಯುರ್ಮಾ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಗ್ಗಿದಳು. 'ಈ ದೊಡ್ಡದೇ ತಗೋತೀನಿ ಅಕ್ಕ, ಚಿಕ್ಕದು ನನ್ನ ಕೈಯಲ್ಲಿ ಉಳಿಯಲ್ಲ.'

ಎತ್ತಿಕೊಂಡಳು, ಹೋದಳು. ಬೇರಿನಿಂದ ನೀರು ತೊಟ್ಟಿಕ್ಕಿದ ಗುರುತು ಬಾಗಿಲವರೆಗೂ ಇತ್ತು. ಜುವಾರಿಯಾ ನಗುತ್ತಲೇ ಇದ್ದಳು. ಆ ನಗುವನ್ನು ಮುಖದಿಂದ ಕೆರೆದು ತೆಗೆಯಲು ತೆಂಗಿನ ಚಿಪ್ಪೇ ಬೇಕಾಗುತ್ತಿತ್ತು.

ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿದಳು. 'ನೋಡಿದ್ರಾ ಓನಾ? ತಗೊಂಡೇ ಹೋದ್ಲು!'

'ನೀನೇ ಕೊಟ್ಟೆಯಲ್ಲೇ!'

'ನಾನೆಲ್ಲಿ ಕೊಟ್ಟೆ? ನಾನು ಹೇಳಿದೆ ಅಷ್ಟೇ!'

ಇದಕ್ಕೆ ಏನು ಹೇಳುತ್ತೀರಿ? ನನ್ನ ಗುಂಡುಕಲ್ಲು ತೊಳೆದುಕೊಂಡು ಅಂಗಡಿಗೆ ಬಂದೆ.

ಉಳಿದ ಚಿಕ್ಕ ಪಾಲಿಗೆ ಅವಳು ಮಾಡಿದ ಉಪಚಾರ ಕೇಳಿ. ಗಿಡ ಸಣ್ಣದಾಗಿದೆ ಎಂದು ಯಾರೂ ಕೇಳಬಾರದೆಂದು, ಪ್ಲೆರೆದ್‌ನಿಂದ ತರಿಸಿದ ಹೂವಿನ ಚಿತ್ರದ ಪಿಂಗಾಣಿ ಕುಂಡಕ್ಕೆ ಅದನ್ನು ಹಾಕಿದಳು. ಮದುಮಗಳ ಕೋಣೆಯಲ್ಲಿಡುವಂಥ ಕುಂಡ, ತಳದಲ್ಲಿ ತೂತೇ ಇಲ್ಲ. ಬೆಳಿಗ್ಗೆ ಅಕ್ಕಚ್ಚು, ಮಧ್ಯಾಹ್ನ ಚಹಾದ ಗಸಿ, ಸಂಜೆ ಮತ್ತೆ ನೀರು. ಗಾಳಿ ತಾಗುತ್ತದೆಂದು ಮಲಗುವ ಕೋಣೆಗೆ, ಕತ್ತಲಾಯಿತೆಂದು ಅಡುಗೆಮನೆಗೆ, ಹೊಗೆ ಬಂತೆಂದು ಮತ್ತೆ ಹಿತ್ತಲಿಗೆ ಹೊತ್ತು ತಿರುಗಿದಳು. ಆನೆಯನ್ನು ಹೀಗೆ ಸಾಕಿದರೂ ಸಾಯುತ್ತದೆ. ಕುಂಡದೊಳಗೆ ನೀರು ನಿಂತು ನಾರತೊಡಗಿತು. ಕಡ್ಡಿಗಳು ಒಂದೊಂದೇ ಒಣಗಿ ಮಲಗಿದವು.

'ಗಿಡ ಮುಳುಗಿದೆ ಕಣೆ, ಈ ಪಿಂಗಾಣಿಯಿಂದ ತೆಗಿ' ಎಂದೆ.

'ಹಾಗೇನಿಲ್ಲ, ಚೆನ್ನಾಗಿದೆ. ಸ್ವಲ್ಪ ಬೇಜಾರಲ್ಲಿದೆ ಅಷ್ಟೇ' ಎಂದಳು. ಗಿಡಕ್ಕೂ ಇವಳದೇ ಸಭ್ಯತೆ ಅಂಟಿಸಿದ್ದಳು.

ಅತ್ತ ತಿಯುರ್ಮಾ ಏನು ಮಾಡಿದ್ದಳು? ಹಳೇ ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಮೊಳೆ ಹೊಡೆದು, ಕೈಗೆ ಸಿಕ್ಕ ಮಣ್ಣು ತುಂಬಿ, ಬಚ್ಚಲ ತೊಟ್ಟಿಯ ಅಂಚಿನ ಮೇಲೆ ಇಟ್ಟು ಮರೆತುಬಿಟ್ಟಿದ್ದಳು. ಮನೆಯವರು ಸ್ನಾನಕ್ಕೆ ನೀರು ಸುರಿದುಕೊಂಡಾಗಲೆಲ್ಲ ಅದಕ್ಕೂ ನಾಲ್ಕು ಹನಿ. ತಂಪು, ನೆರಳು, ಒದ್ದೆ ಗೋಡೆ. ಬಾವಿಯೊಳಗೇ ಇದ್ದೇನೆ ಎಂದುಕೊಂಡಿತೋ ಏನೋ, ಆ ಗಿಡ ತೊಟ್ಟಿಯ ಅರ್ಧ ಮುಚ್ಚುವಷ್ಟು ಹಬ್ಬಿತು.

ಜುವಾರಿಯಾಳ ಮನೆಯದು ಪೂರ್ತಿ ಸತ್ತ ದಿನದಿಂದ ಅವಳ ಜೀವವೆಲ್ಲ ಆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಒಂದು ಮರಿ ಸಿಕ್ಕಿದರೆ ಸಾಕು. ಬೆರಳಷ್ಟು ಬೇರು ಸಾಕು. ಒಂದು ಮಾತು ಕೇಳಿದ್ದರೆ ತಿಯುರ್ಮಾ ಡಬ್ಬಿಯ ಸಮೇತ ತಂದು ಕೊಡುತ್ತಿದ್ದಳು. ಆದರೆ ನಮ್ಮ ಸಭ್ಯ ಮಹಾತಾಯಿ ಕೇಳುತ್ತಾಳೆಯೇ? ಸೂಚನೆ ಕೊಡಲು ಹೋದಳು.

ಮೊದಲ ಸಲ ಹೋಗಿ 'ಅಬ್ಬಾ, ಎಷ್ಟು ಚೆನ್ನಾಗಿ ಬಂದಿದೆ!' ಎಂದು ಹೊಗಳಿದಳು. ನಮ್ಮವರಾಗಿದ್ದರೆ ಅಲ್ಲೇ 'ತಗೊಳ್ಳಿ' ಎನ್ನುತ್ತಿದ್ದರು, ಆಟ ಶುರುವಾಗುತ್ತಿತ್ತು. ತಿಯುರ್ಮಾ ಎದೆಯುಬ್ಬಿಸಿ 'ಅಲ್ವಾ! ನಾನು ಏನೂ ಮಾಡಲ್ಲ ಬು, ಸ್ನಾನ ಮಾಡ್ತೀನಿ ಅಷ್ಟೇ!' ಎಂದು ಗಹಗಹಿಸಿ ನಕ್ಕಳು.

ಎರಡನೇ ಸಲ 'ನಮ್ಮನೇದು ಯಾಕೋ ಹೋಗೇಬಿಡ್ತು' ಎಂದು ಕಣ್ಣು ಒದ್ದೆ ಮಾಡಿಕೊಂಡಳು. 'ಅಯ್ಯೋ, ಬಿಸಾಕಿ ಅಕ್ಕ, ಗಿಡಕ್ಕೆಲ್ಲ ಅಳ್ತಾರಾ? ಕಾಫಿ ಕುಡೀತೀರಾ?' ಎಂದಳು ತಿಯುರ್ಮಾ. 'ಬೇಡ, ಈಗ ತಾನೇ ಆಯ್ತು' ಎಂದಳು ಇವಳು. ಕಾಫಿಯೂ ಬರಲಿಲ್ಲ.

ಮೂರನೇ ಉಪಾಯ ತಟ್ಟೆ. ನೆರೆಮನೆಯ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು, ಅದೂ ನಮ್ಮ ರೀತಿ. ತೆಂಗಿನಕಾಯಿ ಬೆಲ್ಲ ತುಂಬಿದ ಅಕ್ಕಿ ಕಡುಬು ಮಾಡಿ ಒಂದು ತಟ್ಟೆ ಕಳಿಸಿದಳು. ಖಾಲಿ ತಟ್ಟೆಯಲ್ಲಿ ಇಡಲು ತಿಯುರ್ಮಾಳಿಗೆ ಇನ್ನೇನಿದೆ, ಒಂದು ಮರಿ ಇಟ್ಟು ಕಳಿಸುತ್ತಾಳೆ ಎಂದು ಲೆಕ್ಕ. ಸಂಜೆ ತಟ್ಟೆ ಬಂತು, ಅರಿಸಿನದಲ್ಲಿ ಮುಳುಗಿದ ಇಡೀ ಮೀನಿನ ಜೊತೆ. ಅವರು ಹಂದಿ ತಿನ್ನುವವರು, ನಾವು ಮುಟ್ಟದವರು ಎಂದು ಗೊತ್ತಿದ್ದುದರಿಂದ ಬಾಗಿಲಲ್ಲೇ ಕೂಗಿ ಹೇಳಿದಳು: 'ಹಂದಿ ಅಲ್ಲ ಬು, ಮೀನು! ಹೆದರ್ದೆ ತಿನ್ನಿ!' ಓಣಿಗೆಲ್ಲ ಕೇಳಿಸಿತು. ಎಂಗ್ಕೋಸ್ ಮೀನಿನ ಮುಳ್ಳನ್ನೂ ಚೀಪಿದನಂತೆ.

ಇಷ್ಟೆಲ್ಲ ಆದ ಮೇಲೆ ಜುವಾರಿಯಾ ನನ್ನ ಅಂಗಡಿಗೆ ಬಂದು ಕೂತು ಕಣ್ಣೊರೆಸಿಕೊಂಡಳು. 'ಎಂಥ ಜನ ಓನಾ ಅವರು. ಮನಸ್ಸೇ ಅರ್ಥ ಆಗಲ್ಲ.'

'ಮನಸ್ಸು ಅರ್ಥ ಆಗೋಕೆ ಅವಳೇನು ಮಂತ್ರವಾದಿಯಾ? ಬಾಯಿ ಬಿಟ್ಟು ಕೇಳು. ಅತ್ತರೆ ತಾನೇ ತಾಯಿ ಹಾಲು ಕೊಡೋದು.'

'ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಛೆ! ನಮ್ಮಮ್ಮ ನಂಗೆ ಹಾಗೆ ಕಲಿಸಿಲ್ಲ.'

'ಕೊಟ್ಟಿಲ್ಲ, ಹೇಳಿದ್ದು ಅಷ್ಟೇ ಅಂದಿದ್ಯಲ್ಲ?'

ಅವಳು ಎದ್ದು ಹೋಗಲು ನೋಡಿದಳು. 'ಹೋಗ್ಲಿ, ನಾನೇ ಹೇಳ್ತೀನಿ ಬಿಡು' ಎಂದೆ. ಹೌಹಾರಿದಳು. ನನ್ನ ಶೇಂಗಾ ಮೆತ್ತಿದ ಕೈ ಹಿಡಿದು ಆಣೆ ಹಾಕಿಸಿಕೊಂಡಳು. 'ಯಾರಿಗೂ ಹೇಳ್ಬೇಡಿ. ಮರ್ಯಾದೆ ಹೋಗುತ್ತೆ.' ನನಗೆ ಮೈಯೆಲ್ಲ ಉರಿಯಿತು. ಅವಳ ಹಿತ್ತಲಿನಲ್ಲಿ ಬೆಳಿಗ್ಗೆ ಈಗ ಮಾತೇ ಇರಲಿಲ್ಲ. ಖಾಲಿ ಪಿಂಗಾಣಿ ಕುಂಡದ ಮುಂದೆ ಅಕ್ಕಚ್ಚಿನ ಪಾತ್ರೆ ಹಿಡಿದುಕೊಂಡು ನಿಂತು, ಒಳಗೆ ಹೋಗುತ್ತಿದ್ದಳು. ಮಾತು ಕಳೆದುಕೊಂಡ ಹೆಂಗಸನ್ನು ನೋಡಿ ನನಗೆ ಸಂಕಟವೂ ಆಗುತ್ತಿತ್ತು, ಕೆನ್ನೆಗೆ ಎರಡು ಬಾರಿಸಬೇಕು ಎಂದೂ ಅನ್ನಿಸುತ್ತಿತ್ತು.

ಮುಂದೆ ತಿಯುರ್ಮಾಳ ಗಂಡನಿಗೆ ಮೆದಾನ್‌ಗೆ ವರ್ಗವಾಯಿತು. ಸಮುದ್ರ ದಾಟಿ ಸುಮಾತ್ರಾಕ್ಕೆ. ಲಾರಿ ಓಣಿಯೊಳಗೆ ಬರದೆ ನನ್ನ ಅಂಗಡಿಯ ಮುಂದೆಯೇ ನಿಂತಿತು. ಬೆಳಗಿನಿಂದ ಮಂಚ, ಬೀರು, ಪಾತ್ರೆ ಎಲ್ಲ ಏರಿದವು. ಓಣಿಯ ಹೆಂಗಸರೆಲ್ಲ ಬೀಳ್ಕೊಡಲು ಬಂದು ನಿಂತಿದ್ದರು. ಜುವಾರಿಯಾ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಪೌಡರ್ ಬಳಿದುಕೊಂಡು ಮುಂದೆ ನಿಂತಿದ್ದಳು. ಅವಳ ಕಣ್ಣು ಒಂದೊಂದು ಸಾಮಾನಿನ ಹಿಂದೆಯೂ ಓಡುತ್ತಿತ್ತು. ಏನನ್ನು ಹುಡುಕುತ್ತಿದೆ ಎಂದು ನನಗೊಬ್ಬಳಿಗೆ ಗೊತ್ತು.

ಎಲ್ಲಕ್ಕಿಂತ ಕೊನೆಗೆ ತಿಯುರ್ಮಾ ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಂದಳು. ಸುಪ್ಲಿರ್ ಅವಳ ಗಲ್ಲಕ್ಕೆ ತಾಗುವಷ್ಟು ತುಂಬಿಕೊಂಡಿತ್ತು, ಹೆಜ್ಜೆ ಇಟ್ಟಂತೆಲ್ಲ ನಡುಗುತ್ತಿತ್ತು. ನೇರವಾಗಿ ಜುವಾರಿಯಾಳ ಮುಂದೆ ಬಂದು ನಿಂತಳು.

'ಬು ಜುವಾರಿಯಾ, ಇದು ಹಡಗಲ್ಲಿ ಉಳಿಯೋದು ಅನುಮಾನ. ನೀವೇ ಕೊಟ್ಟಿದ್ದು. ನೀವೇ ಇಟ್ಕೊಳ್ತೀರಾ?'

ನನ್ನ ಕೈಯಲ್ಲಿ ಗುಂಡುಕಲ್ಲು ನಿಂತಿತು. ದೇವರು ದೊಡ್ಡವನು ಎಂದುಕೊಂಡೆ. ಕೇಳದೆ, ಬೇಡದೆ, ಮನೆ ಬಾಗಿಲಿಗೆ ಬಂದಿದೆ. ಜುವಾರಿಯಾಳ ಕೈಗಳು ಸೊಂಟದ ತನಕ ಎದ್ದವು. ಅಲ್ಲಿಂದ ಮುಂದಕ್ಕೆ ಬರಲಿಲ್ಲ.

'ಅಯ್ಯೋ, ಎಲ್ಲಾದ್ರೂ ಉಂಟಾ? ಬೇಡಪ್ಪ ಬೇಡ' ಎಂದು ನಕ್ಕಳು.

ಆಣೆ ಗೀಣೆ ಎಲ್ಲ ಗಾಳಿಗೆ ಹೋಯಿತು. ನಾನು ಅಂಗಡಿಯಿಂದಲೇ ಕಿರುಚಿದೆ: 'ಬೇಕು ಅವಳಿಗೆ! ಕೊಡಿ! ಅವರಮ್ಮನ ಬಾವೀದು ಆ ಗಿಡ, ಅವಳದ್ದು ಸತ್ತುಹೋಗಿದೆ!' ಎದ್ದು ಓಡಿಹೋಗಿ ಡಬ್ಬಿಗೆ ಕೈ ಹಾಕಲು ನೋಡಿದೆ. ಜುವಾರಿಯಾ ನಗುತ್ತಲೇ ನನ್ನ ಮುಂಗೈ ಹಿಡಿದಳು. ಉಗುರು ಚರ್ಮದೊಳಗೆ ಇಳಿಯುವ ಹಾಗೆ ಹಿಡಿದಳು.

ತಿಯುರ್ಮಾಳ ಮುಖ ಗಂಭೀರವಾಯಿತು. ಮೊದಲ ಸಲ ದನಿ ತಗ್ಗಿಸಿ ಮಾತಾಡಿದಳು. 'ಹೌದಾ ಅಕ್ಕ? ನಂಗೆ ಗೊತ್ತೇ ಇರ್ಲಿಲ್ಲ. ನಿಜವಾಗ್ಲೂ ಬೇಕಾ? ಬೇಕಾದ್ರೆ ಬಾಯಿಬಿಟ್ಟು ಹೇಳಿ, ಈಗಲೇ ತಗೊಳ್ಳಿ.'

ಎರಡನೇ ಸಲ.

'ಓನಾ ಮಾತು ಕಟ್ಕೊಂಡ್ರೆ ಆಯ್ತು!' ಎಂದಳು ಜುವಾರಿಯಾ. 'ಅವರಿಗೆ ಯಾವಾಗ್ಲೂ ತಮಾಷೆ. ನಮ್ಮನೇಲಿ ಗಿಡಕ್ಕೇನು ಬರ? ನಮ್ಮ ನೆನಪಿಗೆ ನಿಮ್ಮ ಹತ್ರನೇ ಇರ್ಲಿ ಬು.' ಹೇಳಿ ತಲೆಯನ್ನು ಸ್ವಲ್ಪ ಓರೆ ಮಾಡಿ ಕಾದಳು. ಆ ತಲೆ ಓರೆ ಮಾಡುವುದು ನಮಗೆಲ್ಲ ಗೊತ್ತು. ಮೂರನೇ ಸಲಕ್ಕೆ ಜಾಗ ಬಿಡುವ ತಲೆ ಅದು. ಬಾಯಲ್ಲಿ 'ನೀವು ಇಷ್ಟು ಬಲವಂತ ಮಾಡಿದ್ರೆ' ಎನ್ನುವ ಮಾತು ಆಗಲೇ ಸಿದ್ಧವಾಗಿತ್ತು.

ತಿಯುರ್ಮಾ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ಯಾರ ಮಾತು ನಂಬಬೇಕು? ಬೇಕೋ ಬೇಡವೋ ಎನ್ನಬೇಕಾದವಳ ಮಾತನ್ನೇ ತಾನೇ. ಒಂದು ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಜುವಾರಿಯಾಳನ್ನು ಬಾಚಿ ತಬ್ಬಿದಳು. ಅವಳ ಕಣ್ಣಲ್ಲಿ ನೀರು. 'ನಿಮ್ಮಂಥ ದೊಡ್ಡ ಮನಸ್ಸಿನವರನ್ನ ನಾನು ಎಲ್ಲೂ ನೋಡಿಲ್ಲ ಬು. ಜೀವದ ಹಾಗೆ ನೋಡ್ಕೋತೀನಿ.' ಲಾರಿ ಹತ್ತಿ ಡ್ರೈವರ್ ಪಕ್ಕ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಲಾರಿ ಹೊರಟಿತು. ಕಿಟಕಿಯ ಗಾಳಿಗೆ ಎಲೆಗಳೆಲ್ಲ ಒಂದು ಕಡೆಗೆ ಮಲಗಿದ್ದು ತಿರುವಿನ ತನಕ ಕಾಣಿಸಿತು. ಜುವಾರಿಯಾ ಕೈ ಬೀಸುತ್ತಲೇ ಇದ್ದಳು.

ಸಂಜೆ ಅಂಗಡಿ ಮುಚ್ಚಿ ಅವಳ ಮನೆಗೆ ಹೋದೆ. ಬಾಯಿತುಂಬ ಬೈಯಬೇಕೆಂದೇ ಹೋದೆ. ಜಗುಲಿಯಲ್ಲಿ ಪಿಂಗಾಣಿ ಕುಂಡದ ಪಕ್ಕ ಕೂತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಅವಳೇ ಹೇಳಿದಳು, ದೂರು ಹೇಳುವ ದನಿಯಲ್ಲಿ:

'ಎರಡೇ ಸಲ ಕೇಳಿದ್ಲು ನೋಡಿ ಓನಾ.'

ಇಂಥವಳನ್ನು ಬೈದು ಏನು ಪ್ರಯೋಜನ? ಕೂತೆ. ಅವಳು ಎದ್ದು ಒಳಗೆ ಹೋಗಿ ಕರಿದ ಬಾಳೆಹಣ್ಣಿನ ತಟ್ಟೆ ತಂದಳು.

'ತಗೊಳ್ಳಿ.'

ಲಾರಿಯ ಗದ್ದಲದಲ್ಲಿ ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. 'ಬೇಡ, ಈಗ ತಾನೇ ಆಯ್ತು' ಎಂದೆ.

'ಒಂದಾದ್ರೂ ತಗೊಳ್ಳಿ.'

'ಬೇಡ್ವೇ.'

ಮೂರನೇ ಸಲ ಅವಳು ಕೇಳಲಿಲ್ಲ. ತಟ್ಟೆ ಅವಳ ಕೈಯಲ್ಲೇ ಓರೆಯಾಯಿತು. ಎಣ್ಣೆ ಅವಳ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಚೆಲ್ಲಿತು, ಅದನ್ನೂ ನೋಡಲಿಲ್ಲ. 'ಬೇಕಿತ್ತು ಓನಾ' ಎಂದಳು. 'ನಂಗೆ ಅದು ಬೇಕಿತ್ತು.' ದೊಡ್ಡ ದನಿ ತೆಗೆದು ಅತ್ತಳು, ಓಣಿಯವರಿಗೆ ಕೇಳಿಸುತ್ತದೆ ಎನ್ನುವ ಪರಿವೆಯೂ ಇಲ್ಲದೆ.

ಬೇಕು ಎನ್ನುವ ಮಾತನ್ನು ಅವಳು ಮನುಷ್ಯರ ಮುಂದೆ ಆಡಿದ್ದು ನಾನು ಕಂಡಂತೆ ಅದೇ ಮೊದಲು. ಆಡಿದ್ದು ಯಾರ ಮುಂದೆ? ಮೆಣಸಿನ ಗಿಡವನ್ನೂ ಉಳಿಸಲಾರದ ನನ್ನ ಮುಂದೆ. ಲಾರಿ ಅಷ್ಟು ಹೊತ್ತಿಗೆ ಬಂದರಿನ ಹತ್ತಿರ ಹೋಗಿರಬೇಕು.

ಯಾರೂ ಕರೆಯದಿದ್ದರೂ ನಾನೇ ಕೈ ಚಾಚಿ ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡೆ. ಇನ್ನೊಂದನ್ನು ಅವಳ ಬಾಯಿಗೆ ಹಿಡಿದೆ. ಬೇಡ ಎನ್ನಲಿಲ್ಲ, ತಿಂದಳು.